ಯಾದಿಯೊಳಗೆ ಇಲ್ಲದ ಎರಡು ಸಹಿ

ಹೋದ ತಿಂಗಳು ಧಾರವಾಡದಲ್ಲಿ ನಮ್ಮ ಅಕ್ಕನ ಮಗಳ ಯಾದಿ ಇತ್ತು. ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಮದುವೆ ಗಟ್ಟಿಯಾದ ಮೇಲೆ ಎರಡೂ ಮನೆಯ ಹಿರಿಯರು ಕೂತು ಒಂದು ಪಟ್ಟಿ ಬರೆಯುತ್ತಾರೆ. ಬಂಗಾರ ಎಷ್ಟು ತೊಲೆ, ಹುಡುಗನ ಉಂಗುರ ಯಾರದು, ಬಾಂಡೆ ಸಾಮಾನು ಯಾರದು, ಮಂಟಪದ ಬಾಡಿಗೆ, ಊಟದ ಖರ್ಚು, ಬೀಗರ ಬಸ್ಸು. ಎರಡು ಪ್ರತಿ ಬರೆದು, ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಹಿರಿಯರು ಸಹಿ ಹಾಕುತ್ತಾರೆ. ಖರ್ಚು ಉಳಿಸಬೇಕು ಅಂದರೆ ಅದೇ ದಿನ ಅಕ್ಕಿಕಾಳು ಹಾಕಿ ಮದುವೆಯನ್ನೇ ಮುಗಿಸುವುದೂ ಉಂಟು. ಅದಕ್ಕೆ 'ಯಾದಿ ಮ್ಯಾಲ ಶಾದಿ' ಅಂತಾರೆ.

ಯಾದಿ ಓದಿ ಮುಗಿಸಿದೆವು. ಹುಡುಗಿ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದಳು: "ಮಾಮಾ, ಇದರಾಗ ನಾವಿಬ್ಬರೂ ಎಲ್ಲಿ ಅದೀವಿ?"

ಹುಡುಕಿದೆ. ಬಸ್ಸಿನ ಬಾಡಿಗೆ ಇತ್ತು. ಅವರಿಬ್ಬರ ಹೆಸರು ತಲೆಬರಹದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಇಬ್ಬರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಆಕೆ ಮದುವೆಗೆ ಮುಂಚೆಯೇ ಒಂದು ಫ್ಲಾಟ್ ಬುಕ್ ಮಾಡಿದ್ದಾಳೆ, ಕಂತು ಕಟ್ಟುತ್ತಿದ್ದಾಳೆ. ಆತನ ತಲೆಯ ಮೇಲೆ ತಂಗಿಯ ಓದಿಗೆ ಮಾಡಿದ ಸಾಲ ಇದೆ. ಇವನ್ನೆಲ್ಲ ಮದುವೆಗೆ ಮೊದಲೇ ಕಾಗದದಲ್ಲಿ ಬರೆದಿಡೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದರು. ಮಗು ಆದಾಗ ಯಾರಾದರೂ ಕೆಲಸ ಬಿಟ್ಟರೆ ಏನು ಅನ್ನುವುದನ್ನೂ ಸೇರಿಸಬೇಕು ಅಂತಿತ್ತು. ನಾನು 31 ವರ್ಷ ಬ್ಯಾಂಕಿನಲ್ಲಿ ಸಾಲದ ಕಾಗದ ನೋಡಿದವನು. ಹಾಗಾಗಿ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ಅಕ್ಕನಿಗೆ ಮಾತ್ರ ಸಿಟ್ಟು ಬಂತು. "ಕೂಡೂ ಮೊದಲ ಬಿಡೂ ಮಾತ ಯಾಕ?" ಅಂದಳು.

ಇಂಥ ಕಾಗದಕ್ಕೆ ಹಿಂದೂ ವಿವಾಹ ಕಾಯ್ದೆಯಲ್ಲಿ ಜಾಗವೇ ಇಲ್ಲ. 1955ರ ಆ ಕಾಯ್ದೆ ಸಪ್ತಪದಿಯ ಬಗ್ಗೆ ಹೇಳುತ್ತದೆ, ವಿಚ್ಛೇದನದ ಬಗ್ಗೆ ಹೇಳುತ್ತದೆ, ಜೀವನಾಂಶದ ಬಗ್ಗೆ ಹೇಳುತ್ತದೆ. ಮದುವೆಗೆ ಮೊದಲು ಗಂಡು ಹೆಣ್ಣು ಮಾಡಿಕೊಳ್ಳುವ ಕರಾರಿನ ಬಗ್ಗೆ ಒಂದು ಸಾಲೂ ಇಲ್ಲ. ಇಲ್ಲದಿದ್ದಾಗ ಏನಾಗುತ್ತೆ? ಪ್ರಶ್ನೆ 1872ರ ಕರಾರು ಕಾಯ್ದೆಗೆ ಹೋಗುತ್ತದೆ. ಅದರ 23ನೇ ಕಲಮಿನ ಪ್ರಕಾರ ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ಊರ್ಜಿತವಲ್ಲ. ಹಳೆಯ ಕೋರ್ಟುಗಳು ಇದೇ ಕಲ್ಲಿಗೆ ಇಂಥ ಕರಾರುಗಳನ್ನು ಒಡೆದಿವೆ. 1901ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ಮನೆ ಅಳಿಯನಾಗಿ ಅತ್ತೆಯ ಮನೆಯಲ್ಲೇ ಇರುತ್ತೇನೆ ಅಂತ ಮದುವೆಗೆ ಮೊದಲು ಒಪ್ಪಿಕೊಂಡಿದ್ದ ಗಂಡ, ಆಮೇಲೆ ಹೆಂಡತಿಯನ್ನು ತನ್ನ ಮನೆಗೆ ಕರೆದ. ಗಂಡ ಎಲ್ಲಿರುತ್ತಾನೋ ಹೆಂಡತಿಯೂ ಅಲ್ಲೇ ಇರಬೇಕು, ಆ ಕರಾರು ಹಿಂದೂ ಧರ್ಮಕ್ಕೂ ನೀತಿಗೂ ವಿರುದ್ಧ ಅಂತ ಕೋರ್ಟು ಹೇಳಿತು. ಸಹಿ ಮಾಡಿದ ಗಂಡನೇ ಗೆದ್ದ. 1901ರ ನೀತಿ ಅದು. ಇಂದಿಗೂ ವಕೀಲರು ಇದೇ ತೀರ್ಪನ್ನು ತೆಗೆಯುತ್ತಾರೆ.

ನಮ್ಮಲ್ಲಿ ಮದುವೆ ಸಂಸ್ಕಾರ, ಮುಸಲ್ಮಾನರಲ್ಲಿ ಕರಾರು, ಅದಕ್ಕೇ ಅವರಿಗೆ ನಿಕಾಹ್‌ನಾಮಾ (ಮದುವೆಯ ಕರಾರು ಪತ್ರ), ಮೆಹರ್ (ಗಂಡ ಹೆಂಡತಿಗೆ ಕೊಡಲು ಒಪ್ಪುವ ಮೊತ್ತ) ಎಲ್ಲ ಇದೆ ಅಂತ ಹೇಳುವವರಿದ್ದಾರೆ. ಸರಿ. ಆದರೆ 1955ರಲ್ಲಿ ವಿಚ್ಛೇದನ ಬಂದಾಗಲೇ ಸಂಸ್ಕಾರದ ಗಂಟು ಬಿಚ್ಚಬಹುದು ಅಂತ ನಾವು ಒಪ್ಪಿದೆವು. 1976ರಲ್ಲಿ ಅದೇ ಕಾಯ್ದೆಗೆ 13ಬಿ ಕಲಂ ಸೇರಿಸಿ, ಇಬ್ಬರೂ ಒಪ್ಪಿ ಬೇರೆಯಾಗಬಹುದು ಅಂದೆವು. ಇವತ್ತು ಯಾವ ಕುಟುಂಬ ನ್ಯಾಯಾಲಯಕ್ಕೆ ಬೇಕಾದರೂ ಹೋಗಿ ನೋಡಿ. ಫ್ಲಾಟ್ ಯಾರಿಗೆ, ಬಂಗಾರ ಯಾರಿಗೆ, ದುಡ್ಡು ಎಷ್ಟು ಅಂತ ಕಲಂ ಕಲಂ ಆಗಿ ಬರೆದ ಒಪ್ಪಂದ ಪತ್ರಕ್ಕೆ ಇಬ್ಬರೂ ಸಹಿ ಹಾಕುತ್ತಾರೆ. ಜಡ್ಜ್ ಅದನ್ನು ಒಪ್ಪುತ್ತಾರೆ. ಇಬ್ಬರೂ ಮುಖ ನೋಡಲಾರದ ದಿನ ಬರೆದ ಕಾಗದ ನಡೆಯುತ್ತದೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ ಇರುವ ದಿನ ಬರೆದದ್ದು ನಡೆಯುವುದಿಲ್ಲ. ಇದರ ತರ್ಕ ನನಗಂತೂ ತಿಳಿದಿಲ್ಲ.

ಬ್ಯಾಂಕಿನಲ್ಲಿದ್ದಾಗಿನ ಒಂದು ಮಾತು. ಒಬ್ಬ ಶಾಲೆಯ ಟೀಚರ್. ಗಂಡ ಹೆಂಡತಿ ಕೂಡಿ ಮನೆ ಸಾಲ ತೆಗೆದಿದ್ದರು. ಖರೀದಿ ಪತ್ರದಲ್ಲಿ ಗಂಡನ ಹೆಸರು ಮಾತ್ರ. ಸಾಲದ ಅರ್ಜಿಯಲ್ಲಿ ಆಕೆ ಸಹ ಅರ್ಜಿದಾರಳು, ಸಾಲದ ಮೊತ್ತ ಜಾಸ್ತಿ ಸಿಗಲಿ ಅಂತ. ಒಂಬತ್ತು ವರ್ಷ ಆಕೆಯ ಪಗಾರದಿಂದ ಮನೆಯ ದಿನಸಿ, ಮಕ್ಕಳ ಫೀಸು. ಗಂಡನ ಪಗಾರದಿಂದ ಕಂತು. ಹೇಗೂ ಒಂದೇ ಮನೆ, ಯಾವ ದುಡ್ಡು ಯಾವುದಕ್ಕೆ ಹೋದರೇನು ಅಂತ. ಸಂಬಂಧ ಮುರಿಯಿತು. ಬ್ಯಾಂಕಿನ ಖಾತೆಯಲ್ಲಿ ಕಂತು ಕಟ್ಟಿದವನು ಗಂಡ. ಮನೆ ಗಂಡನದು. ದಿನಸಿ ಅಂಗಡಿಯ ಚೀಟಿಯನ್ನು ಯಾರು ಇಟ್ಟುಕೊಂಡಿರುತ್ತಾರೆ? ಆಮೇಲೆ ಆತ ಕಂತು ಕಟ್ಟುವುದನ್ನೂ ನಿಲ್ಲಿಸಿದ. ನೋಟಿಸ್ ಆಕೆಗೂ ಹೋಯಿತು. ಸಹ ಸಾಲಗಾರರಾದರೆ ಪೂರ್ತಿ ಸಾಲಕ್ಕೆ ಇಬ್ಬರೂ ಜವಾಬ್ದಾರರು, ವಿಚ್ಛೇದನ ಬ್ಯಾಂಕಿಗೆ ಸಂಬಂಧವಿಲ್ಲ. ಆ ನೋಟಿಸಿಗೆ ಸಹಿ ಹಾಕಿದವನು ನಾನೇ. ನಿಯಮದ ಪ್ರಕಾರ ಸರಿಯಾಗಿಯೇ ಇತ್ತು.

ಮದುವೆಯಾದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಗಂಡ ಬದುಕಿರುವಾಗ ಅವನ ಹೆಸರಿನಲ್ಲಿದ್ದದ್ದು ಅವನದು, ಅವಳ ಹೆಸರಿನಲ್ಲಿದ್ದದ್ದು ಅವಳದು. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮದುವೆಯ ಹೊತ್ತಿಗೆ ಇಬ್ಬರಿಗೂ ಸೇರಿ ಬಂದ ವಸ್ತುಗಳಿಗೆ ಮಾತ್ರ. 25ನೇ ಕಲಂನಲ್ಲಿ ಜೀವನಾಂಶ ಕೇಳಬಹುದು (ಗಂಡನೂ ಕೇಳಬಹುದು, ಇದೂ ಬಹಳ ಜನರಿಗೆ ಗೊತ್ತಿಲ್ಲ). ಅದು ಪಾಲಲ್ಲ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಒಂದು ಮಸೂದೆ 2010ರಲ್ಲಿ ರಾಜ್ಯಸಭೆಗೆ ಬಂದಿತ್ತು. 2013ರಲ್ಲಿ ಅಲ್ಲಿ ಪಾಸೂ ಆಯಿತು. ಲೋಕಸಭೆ ದಾಟಲಿಲ್ಲ.

ಕಾರವಾರದಿಂದ ಮಾಜಾಳಿ ದಾಟಿದರೆ ಕಥೆಯೇ ಬೇರೆ. ಗೋವಾದಲ್ಲಿ ಇನ್ನೂ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ ನಡೆಯುತ್ತಿದೆ. ಅಲ್ಲಿನ ಹಿಂದೂಗಳಿಗೂ ಅದೇ. ಮದುವೆಯಾದರೆ ಆಸ್ತಿ ಇಬ್ಬರದೂ. ಹಾಗೆ ಬೇಡ ಅನ್ನುವವರು ಮದುವೆಗೆ ಮೊದಲೇ ಪತ್ರ ಮಾಡಿ ನೋಂದಾಯಿಸಬೇಕು. ಮದುವೆ ಆದಮೇಲೆ ಅದನ್ನು ಬದಲಿಸುವಂತಿಲ್ಲ. ಅಲ್ಲಿಯೂ ಮಂಗಳವಾದ್ಯ ಇದೆ, ಧಾರೆ ಇದೆ, ಮನೆಮಂದಿ ಎಲ್ಲ ಇದ್ದಾರೆ. ಕಾಗದ ಬರೆದ ಕಾರಣಕ್ಕೆ ಯಾರ ಸಂಸ್ಕಾರವೂ ಕೆಟ್ಟಂತೆ ಕಾಣಲಿಲ್ಲ.

ಇಷ್ಟು ಹೇಳಿದ ಮೇಲೆ ನನಗೆ ಹೆದರಿಕೆ ಇರುವ ಜಾಗಕ್ಕೂ ಬರಬೇಕು. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಬಂತು, ಕೇಂದ್ರ ಸರ್ಕಾರಕ್ಕಿಂತ 11 ವರ್ಷ ಮೊದಲು. ನಾವು ಏನು ಮಾಡಿದೆವು? 'ಅರಿಶಿನ ಕುಂಕುಮಕ್ಕೆ' ಅಂತ ಒಂದಿಷ್ಟು ದುಡ್ಡು, ಒಂದು ಸೀರೆ ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಟೆಂಪೋದಿಂದ ಇಳಿಯುವ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ತವರಿನ ಬಾಗಿಲು ಮುಚ್ಚುತ್ತೆ ಅನ್ನುವ ಭಯಕ್ಕೆ ಸಹಿ ಹಾಕಿದವರು. ಈಗ ಲಗ್ನಪತ್ರಿಕೆ ಹಂಚಿ ಆಗಿದೆ, ಮಂಟಪಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ, ಆಗ ಬೀಗರು ನಾಲ್ಕು ಪುಟದ ಇಂಗ್ಲಿಷ್ ಕಾಗದ ತಂದು ಮುಂದಿಟ್ಟರೆ ಯಾವ ಹುಡುಗಿಯ ಅಪ್ಪ ಬೇಡ ಅಂದಾನು?

ಹಾಗಾಗಿ ಕಾಯ್ದೆಗೆ ಸುಮ್ನೆ 'ಒಪ್ಪಂದ ಊರ್ಜಿತ' ಅಂತ ಒಂದು ಸಾಲು ಸೇರಿಸಿದರೆ ವರದಕ್ಷಿಣೆಗೆ ಹೊಸ ಬಾಗಿಲು ತೆಗೆದಂತೆ. ಇಂಗ್ಲೆಂಡಿನಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕರಾರಿಗೆ ತೂಕ ಕೊಡಬೇಕು ಅಂದಾಗ ಒಂಬತ್ತು ಜಡ್ಜ್‌ಗಳಲ್ಲಿ ಒಪ್ಪದವರು ಒಬ್ಬರೇ. ಆ ಪೀಠದಲ್ಲಿದ್ದ ಒಬ್ಬಳೇ ಹೆಂಗಸು, ಲೇಡಿ ಹೇಲ್. ಆಮೇಲೆ 2014ರಲ್ಲಿ ಅಲ್ಲಿನ ಕಾನೂನು ಆಯೋಗ ಕೆಲವು ಷರತ್ತು ಸೂಚಿಸಿತು: ಮದುವೆಗೆ 28 ದಿನ ಮೊದಲೇ ಸಹಿ ಆಗಿರಬೇಕು, ಇಬ್ಬರಿಗೂ ಬೇರೆ ಬೇರೆ ವಕೀಲರ ಸಲಹೆ ಸಿಕ್ಕಿರಬೇಕು, ಇಬ್ಬರೂ ತಮ್ಮ ಆಸ್ತಿ ಸಾಲ ತೆರೆದು ಹೇಳಿರಬೇಕು. ನಮಗೂ ಇದೇ ಬೇಕು. 28 ಯಾಕೆ, ಯಾದಿಗೂ ಮೊದಲೇ ಆಗಲಿ ಅನ್ನುತ್ತೇನೆ. ಆಸ್ತಿ ಸಾಲದ ವಿವರದ ನಮೂನೆ ಹೊಸದಾಗಿ ಮಾಡುವುದೂ ಬೇಡ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ, ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ತುಂಬಿ ಕೊಡಬೇಕಾದ ಪ್ರಮಾಣಪತ್ರದ ನಮೂನೆಯನ್ನು ಸುಪ್ರೀಂ ಕೋರ್ಟ್ ಕೊಟ್ಟಿದೆ. ಅದನ್ನು ಜಗಳ ಆದಮೇಲೆ ತುಂಬುವ ಬದಲು ಮೊದಲೇ ತುಂಬಿದರೆ ಆಯಿತು.

ಜೀವನಾಂಶ ಬೇಡ ಅಂತ ಬರೆಸಿಕೊಳ್ಳುವುದು ಮತ್ತು ಮಕ್ಕಳು ಯಾರ ಹತ್ತಿರ ಇರಬೇಕು ಅನ್ನುವುದು, ಇವೆರಡನ್ನೂ ಕರಾರಿನ ಹೊರಗೆ ಇಡಬೇಕು. ಇಲ್ಲಿ ಕೆಲವು ಹುಡುಗರಿಗೆ ನಿರಾಸೆ ಆಗಬಹುದು. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಟೆಕ್ಕಿಯೊಬ್ಬರ ಸಾವಿನ ನಂತರ ಫೇಸ್‌ಬುಕ್ ತುಂಬ ಪ್ರಿನಪ್, ಪ್ರಿನಪ್ (ಮದುವೆಗೆ ಮೊದಲಿನ ಇಂಥ ಕರಾರಿಗೆ ಇಂಗ್ಲಿಷಿನ ಹೆಸರು) ಅಂತ ಕೂಗು ಎದ್ದಿತ್ತು. ಅವರ ಸಂಕಟ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಮುಂದೆ ಒಂದು ಪೈಸೆಯೂ ಕೊಡಬೇಕಿಲ್ಲ ಅಂತ ಯಾರಾದರೂ ಕನಸು ಕಾಣುತ್ತಿದ್ದರೆ, ಆ ಕಾಗದ ನನಗೆ ಬೇಡ. ಕೆಲಸ ಬಿಟ್ಟು ಮಗು ಸಾಕಿದ ಎಂಟು ವರ್ಷಕ್ಕೆ ಏನು ಬೆಲೆ ಅಂತ ಬರೆಯುವ ಧೈರ್ಯ ಇದ್ದವರಿಗೆ ಮಾತ್ರ ಕರಾರು.

ತಮಾಷೆ ಅಂದರೆ, ಮದುಮಕ್ಕಳಿಬ್ಬರೂ ಸಹಿ ಹಾಕಬೇಕಾದ ಒಂದು ಕಾಗದ ನಮ್ಮ ಕಾನೂನಿನಲ್ಲಿ ಈಗಾಗಲೇ ಇದೆ. ವರದಕ್ಷಿಣೆ ನಿಷೇಧ ಕಾಯ್ದೆಯ ಕೆಳಗೆ 1985ರಲ್ಲಿ ಬಂದ ನಿಯಮ. ಮದುವೆಯಲ್ಲಿ ಬಂದ ಉಡುಗೊರೆ ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಸಂಬಂಧ ಏನು ಅಂತ ಪಟ್ಟಿ ಬರೆದು, ಅದಕ್ಕೆ ವಧು ವರ ಇಬ್ಬರೂ ಸಹಿ ಹಾಕಬೇಕು. ನಾನು ನೋಡಿದ ನೂರಾರು ಮದುವೆಗಳಲ್ಲಿ ಒಂದರಲ್ಲೂ ಆ ಪಟ್ಟಿ ಕಂಡಿಲ್ಲ. ಮುಯ್ಯಿ ಬರೆಯುವ ಪುಸ್ತಕ ಮಾತ್ರ ತಪ್ಪದೇ ಇರುತ್ತೆ, ಹನ್ನೊಂದು ರೂಪಾಯಿಯನ್ನೂ ಬಿಡದೆ.

ನಮ್ಮ ಹುಡುಗ ಹುಡುಗಿ ಆ ಪಟ್ಟಿಯನ್ನು ಮಾಡುತ್ತಾರಂತೆ. ತಮ್ಮ ಕರಾರನ್ನೂ ಎರಡು ಪುಟ ಕನ್ನಡದಲ್ಲಿ ಬರೆದರು. ಕೋರ್ಟಿನಲ್ಲಿ ನಿಲ್ಲುತ್ತೆ ಅಂತ ಭರವಸೆ ಕೊಡಲಾರೆ ಅಂತ ನಾನು ಮೊದಲೇ ಹೇಳಿದೆ. "ಇರಲಿ ಮಾಮಾ, ನಮಗ ನೆನಪಿರತದ" ಅಂದ ಹುಡುಗ. ಮೂವರೂ ನೋಟರಿ ಹತ್ತಿರ ಹೋದೆವು. ಅವರು ಪೂರ್ತಿ ಓದಿ, ಕನ್ನಡಕ ತೆಗೆದು, "ಇದಕ್ಕ ಏನಂತ ಹೆಸರ ಹಾಕೂಣ್ರಿ? ಬಾಡಿಗಿ ಕರಾರ ಅಲ್ಲ, ಪಾಲುದಾರಿಕಿನೂ ಅಲ್ಲ" ಅಂದರು. ಕೊನೆಗೆ ಬರೀ 'ಒಪ್ಪಂದ ಪತ್ರ' ಅಂತ ಹಾಕಿದರು.

ಮನೆಗೆ ಬಂದು ಅಕ್ಕನ ಕೈಗೆ ಕೊಟ್ಟೆ. "ನಾ ಏನ್ ಓದಂಗಿಲ್ಲ" ಅಂದಳು. ಆಮೇಲೆ ಟ್ರೆಜರಿ (ಕಪಾಟು) ತೆಗೆದು, ಯಾದಿ ಇಟ್ಟಿದ್ದ ಪ್ಲಾಸ್ಟಿಕ್ ಕವರಿನೊಳಗೇ ಅದನ್ನೂ ತುರುಕಿದಳು.