ಸೆಲ್ಯುಲರ್ ಜೈಲು ಅಂದರೆ ಒಂದೇ ಹೆಸರಾ?

ಅಂಡಮಾನಿನ ಸೆಲ್ಯುಲರ್ ಜೈಲಿನ ಬಗ್ಗೆ ಯಾರಾದರೂ ಒಂದು ಪೋಸ್ಟ್ ಹಾಕಲಿ, ಸಾವರ್ಕರ್ ಜಗಳ ಶುರು. ಪರ ಒಂದು ಗುಂಪು, ವಿರೋಧ ಇನ್ನೊಂದು. ಅಲ್ಲಿ ಬೇರೆ ಯಾರೂ ಇರಲೇ ಇಲ್ಲವೇನೋ ಅನ್ನುವ ಹಾಗೆ! ನನಗಂತೂ ಸಾಕಾಗಿಹೋಗಿದೆ.

ಆ ಜೈಲಿನ ಕೆಲಸ ಶುರುವಾಗಿದ್ದು 1896ರಲ್ಲಿ, ಮುಗಿದಿದ್ದು 1906ರಲ್ಲಿ. ಇಟ್ಟಿಗೆ ಬರ್ಮಾದ್ದು. ದುಡಿದವರು ಕರಿನೀರಿನ ಶಿಕ್ಷೆಗೆ ಬಂದಿದ್ದ ಕೈದಿಗಳೇ. ಅವರ ಪರವಾಗಿ ಯಾರೂ ಜಗಳ ಆಡಲ್ಲ.

ಆಗ ನಡುವೆ ಒಂದು ಗೋಪುರ, ಅದರ ಸುತ್ತ ಏಳು ಸಾಲು ಕಟ್ಟಡ, ಮೂರು ಮಹಡಿ. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಒಂದು ಸಾಲಿನ ಬಾಗಿಲು ತೆರೆದರೆ ಕಾಣುವುದು ಮುಂದಿನ ಸಾಲಿನ ಬೆನ್ನು. ಇನ್ನೊಬ್ಬ ಕೈದಿಯ ಮುಖ ಕಾಣಬಾರದು, ಅಷ್ಟೇ. ಚಿಲಕವನ್ನಂತೂ ನೋಡಬೇಕು. ಬಾಗಿಲಿನಿಂದ ದೂರ, ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಇಟ್ಟಿದ್ದಾರೆ. ಕಂಬಿಯ ಸಂದಿಯಿಂದ ಕೈ ಎಷ್ಟು ಚಾಚಿದರೂ ಎಟಕಲ್ಲ. ಎಷ್ಟು ತಲೆ ಓಡಿಸಿದ್ದಾರೆ ಪುಣ್ಯಾತ್ಮರು!

ಎತ್ತು ಕಟ್ಟಬೇಕಾದ ಗಾಣಕ್ಕೆ ಮನುಷ್ಯರನ್ನು ಕಟ್ಟಿದರು. ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕು. ಕಡಿಮೆಯಾದರೆ ಏಟು, ಬೇಡಿ. 1912ರಲ್ಲಿ ಬಂಗಾಳದ ಕ್ರಾಂತಿಕಾರಿ ಇಂದುಭೂಷಣ ರಾಯ್ ಕೋಣೆಯಲ್ಲೇ ನೇಣು ಹಾಕಿಕೊಂಡರು. ಅಲ್ಲಿನ ಇನ್ನೊಬ್ಬ ಕ್ರಾಂತಿಕಾರಿ ಉಲ್ಲಾಸ್ಕರ್ ದತ್ತರಿಗೆ ಬುದ್ಧಿಭ್ರಮಣೆಯಾಯಿತು.

1933ರ ಉಪವಾಸವನ್ನು ಎಷ್ಟು ಜನ ಕೇಳಿದ್ದೀರಿ? ಮಹಾವೀರ್ ಸಿಂಗ್, ಮೋಹನ್ ಕಿಶೋರ್ ನಮದಾಸ್, ಮೋಹಿತ್ ಮೊಯಿತ್ರ. ಮನುಷ್ಯರ ಹಾಗೆ ನಡೆಸಿಕೊಳ್ಳಿ ಅಂತ ಊಟ ಬಿಟ್ಟರು. ಕೆಡವಿ ಹಿಡಿದುಕೊಂಡು ಬಲವಂತವಾಗಿ ಹಾಲು ಸುರಿಯಲು ಹೋದರು. ಮೂವರೂ ಸತ್ತರು. 1937ರಲ್ಲಿ ಮತ್ತೊಂದು ಉಪವಾಸ ನಡೆಯಿತು. ಅದಾದ ಮೇಲೆ ರಾಜಕೀಯ ಕೈದಿಗಳನ್ನು ವಾಪಸ್ ಕಳಿಸಿದರು. ಜೈಲಿನ ಕಥೆಯಲ್ಲಿ ಕೈದಿಗಳೇ ಗೆದ್ದ ಘಟ್ಟ ಇದು. ಆದರೂ ನಮ್ಮ ಜಗಳದಲ್ಲಿ ಇದಕ್ಕೆ ಜಾಗ ಇಲ್ಲ.

ಇನ್ನು ಜಪಾನಿಯರ ಕಾಲ. ಅದರ ಸುದ್ದಿ ಎತ್ತಿದರೆ ಎರಡೂ ಗುಂಪಿಗೆ ಲಾಭ ಇಲ್ಲ ನೋಡಿ, ಸುಮ್ನಿರುತ್ತಾರೆ. 1942ರಲ್ಲಿ ಅವರು ದ್ವೀಪ ಹಿಡಿದರು. ಬ್ರಿಟಿಷರ ಗೂಢಚಾರರು ಅಂತ ಅನುಮಾನಪಟ್ಟು ಊರಿನವರನ್ನೇ ಇದೇ ಕೋಣೆಗಳಿಗೆ ತಳ್ಳಿದರು. ಅವರಲ್ಲಿ ದಿವಾನ್ ಸಿಂಗ್ ಒಬ್ಬರು. ಡಾಕ್ಟರು, ಪಂಜಾಬಿ ಕವಿ. 1943ರ ಡಿಸೆಂಬರ್ ಕೊನೆಗೆ ಸುಭಾಷ್ ಚಂದ್ರ ಬೋಸ್ ಪೋರ್ಟ್ ಬ್ಲೇರ್‌ಗೆ ಬಂದು ಧ್ವಜ ಹಾರಿಸಿದಾಗ ದಿವಾನ್ ಸಿಂಗ್ ಜೈಲಿನಲ್ಲೇ ಇದ್ದರು. ಮುಂದಿನ ಜನವರಿಯಲ್ಲಿ ಚಿತ್ರಹಿಂಸೆಯಿಂದ ಸತ್ತರು. ಅದೇ ತಿಂಗಳು 30ರಂದು ಅದೇ ದ್ವೀಪದ ಹಂಫ್ರೀಗಂಜ್‌ನಲ್ಲಿ ಜಪಾನಿಯರು 44 ಜನರನ್ನು ಗುಂಡಿಟ್ಟು ಕೊಂದರು.