ಮೊಲದ ಪರವಾಗಿ ಎರಡು ಮಾತು

ಮಡಿಕೇರಿಯಿಂದ ಸಂಜೆ 4.20ಕ್ಕೆ ಹೊರಡಬೇಕಿದ್ದ ಸೋಮವಾರಪೇಟೆ ಬಸ್ಸು 4.35 ಆದರೂ ಹೊರಟಿರಲಿಲ್ಲ. ಡ್ರೈವರ್ ಸೀಟಿನಲ್ಲೇ ಇದ್ದ. ಇಂಜಿನ್ನೂ ಓಡುತ್ತಿತ್ತು. ಜುಲೈ ತಿಂಗಳು, ಕಿಟಕಿಯ ಸಂದಿಯಿಂದ ನೀರು ಇಳಿದು ನನ್ನ ಎಡ ತೊಡೆ ಒದ್ದೆಯಾಗಿತ್ತು. ಕಂಡಕ್ಟರ್ ಮಾತ್ರ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡು, ಮುಂದಿನ ಸೀಟಿನಲ್ಲಿದ್ದ ನಿವೃತ್ತ ಹವಾಲ್ದಾರರೊಬ್ಬರ ಜೊತೆ ವಾದಕ್ಕಿಳಿದಿದ್ದ.

"ರಾಮಾಚಾರಿ ಮುಂದೆ ನಿಮ್ಮ ಪ್ರೀತಂ ಯಾವ ಲೆಕ್ಕ ಮಾವ?"

ನಾನು ಕಿವಿ ನಿಮಿರಿಸಿದೆ. 'ನಾಗರಹಾವು' ಬಂದದ್ದು 1972ರಲ್ಲಿ. ಆಗ ಈ ಕಂಡಕ್ಟರನ ಅಪ್ಪನಾದರೂ ಹುಟ್ಟಿದ್ದನೋ ಇಲ್ಲವೋ. 'ಮುಂಗಾರು ಮಳೆ' ಬಂದದ್ದು 2006ರ ಕೊನೆಗೆ. ಅಷ್ಟು ಹೊತ್ತಿಗೆ ಹವಾಲ್ದಾರರು ಪೆನ್ಷನ್ ತಗೊಂಡು ಮೆಣಸಿನ ಬಳ್ಳಿ ಹಬ್ಬಿಸುತ್ತಿದ್ದರು. ನ್ಯಾಯವಾಗಿ ಮುದುಕರು ರಾಮಾಚಾರಿಯ ಕಡೆ, ಹುಡುಗ ಪ್ರೀತಂ ಕಡೆ ಇರಬೇಕಿತ್ತು. ಇಲ್ಲಿ ಉಲ್ಟಾ. ಕಂಡಕ್ಟರನ ಕೈಯಲ್ಲಿ ವಿಷ್ಣುವರ್ಧನ್ ಹಾಕುತ್ತಿದ್ದಂಥ ಕಡಗ ಬೇರೆ.

"ಪ್ರೀತಂ ಹುಡುಗಿಯನ್ನ ಬಿಟ್ಟುಕೊಟ್ಟ. ಮನೆಯವರ ಮರ್ಯಾದೆ ಉಳಿಸಿದ. ಶಿಸ್ತು ಅಂದ್ರೆ ಅದು. ನಿಮ್ಮವನ ಹಟಕ್ಕೆ ಪಾಪ ಚಾಮಯ್ಯ ಮೇಷ್ಟ್ರ ಜೀವವೇ ಹೋಯ್ತಲ್ಲ!"

"ಮೇಷ್ಟ್ರ ಮಾತು ಕೇಳೇ ಅಲ್ವಾ ಅವನು ಅಲಮೇಲುನ ಬಿಟ್ಟಿದ್ದು? ಅದು ತ್ಯಾಗ ಅಲ್ವಾ?"

ಹಿಂದಿನ ಬಸ್ಸಿನವನು ಹಾರನ್ ಹೊಡೆದ. ಆಮೇಲೆ ಆ ಬಸ್ಸಿನ ಕಂಡಕ್ಟರೇ ಮಳೆಯಲ್ಲಿ ಓಡಿ ಬಂದ. ಟೈಮಿಂಗ್ ವಿಷಯಕ್ಕೆ ನಮ್ಮಲ್ಲಿ ಖಾಸಗಿ ಬಸ್ಸಿನವರ ಜಗಳ ಅಂದರೆ ಸುಮ್ನೆ ಅಲ್ಲ. ಇವತ್ತು ನೋಡಲಿಕ್ಕೆ ಏನಾದರೂ ಸಿಗ್ತದೆ ಅಂತ ನಾನೂ ನೆಟ್ಟಗೆ ಕೂತೆ. ಅವನು ಬಂದ, ಅರ್ಧ ನಿಮಿಷ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ, "ಜಲೀಲ ಇಲ್ಲದಿದ್ರೆ ರಾಮಾಚಾರಿ ಯಾರಿಗೆ ಹೊಡೀತಿದ್ದ ಮಾರಾಯ?" ಅಂದ. ಅಂಬರೀಷ್ ಅಭಿಮಾನಿ. ಹೋಯಿತು, ಇನ್ನು ಹತ್ತು ನಿಮಿಷ.

ಜನ ಯಾಕೆ ಇಲ್ಲದ ಮನುಷ್ಯರಿಗಾಗಿ ಇರುವ ಬಸ್ಸನ್ನು ನಿಲ್ಲಿಸುತ್ತಾರೆ ಅನ್ನುವುದು ನನಗೆ ಇನ್ನೂ ಗೊತ್ತಾಗಿಲ್ಲ. ಆದರೆ ಈ ವಾದದಲ್ಲಿ ನನ್ನದೂ ಒಂದು ಪಕ್ಷ ಇದೆ, ಅದಕ್ಕೆ ಮೊಲದ ವಿಷಯ ಹೇಳಿಬಿಡಬೇಕು.

ಪ್ರೀತಂ ಜೊತೆ ಒಂದು ಮೊಲ ಇತ್ತಲ್ಲ, ದೇವದಾಸ? ಆ ಸಿನಿಮಾ ನೋಡಿದ ಮೇಲೆ ನನ್ನ ಅಕ್ಕನ ಮಗ ಕುಶಾಲನಗರದ ಸಂತೆಯಿಂದ ಒಂದು ಬಿಳಿ ಮೊಲವನ್ನು ಬಿಸ್ಕತ್ತಿನ ರಟ್ಟಿನ ಡಬ್ಬದಲ್ಲಿಟ್ಟು ತಂದ. ಹೆಸರು ಇನ್ನೇನು, ದೇವದಾಸ. ವಾರವಾಗುವುದರೊಳಗೆ ಹುಡುಗನಿಗೆ ಮೈಸೂರಿನಲ್ಲಿ ಡಿಗ್ರಿ ಸೀಟು ಸಿಕ್ಕಿತು. ಹೋದ. ಮೊಲ ನಮ್ಮ ಪಾಲಿಗೆ ಬಂತು.

ಮೊದಲು ಹೋದದ್ದು ಟೆಲಿಫೋನ್. ಮಳೆಗೆ ಲೈನು ಕೆಟ್ಟಿದೆ ಅಂತ ನಾನು ಮೂರು ಸಲ ದೂರು ಕೊಟ್ಟೆ. ಲೈನ್‌ಮ್ಯಾನ್ ನೆನೆದುಕೊಂಡು ಬಂದ, ಕಂಬ ಹತ್ತಿದ, ಇಳಿದ, ಕೊನೆಗೆ ನಮ್ಮ ಸೋಫಾದ ಹಿಂದಿನಿಂದ ವೈರಿನ ತುದಿ ಎಳೆದು ನನ್ನ ಮೂಗಿನ ಕೆಳಗೆ ಹಿಡಿದ. ಬ್ಲೇಡಿನಲ್ಲಿ ಓರೆಯಾಗಿ ಕೊಯ್ದ ಹಾಗೆ ನುಣ್ಣಗೆ ಕತ್ತರಿಸಿತ್ತು. ಮಾತಾಡದೆ ಮೊಲವನ್ನು ನೋಡಿದ. ಮೊಲ ಬಚ್ಚಲ ಒಲೆಯ ಪಕ್ಕ ಬೆಚ್ಚಗೆ ಕೂತು ಮೂಗು ಕುಣಿಸುತ್ತಿತ್ತು. ಎರಡು ದಿನ ಬಿಟ್ಟು ಅದೇ ಓರೆ ಕೊಯ್ತ ನನ್ನ ಕಾಫಿ ಸಸಿಗಳಲ್ಲಿ ಕಂಡಿತು. ಕವರಿನಲ್ಲಿಟ್ಟು ಬೆಳೆಸಿದ್ದ 140 ಸಸಿ. ತಿಂದಿದ್ದರೆ ಹೊಟ್ಟೆಪಾಡು ಅನ್ನಬಹುದಿತ್ತು. ತಿಂದಿರಲಿಲ್ಲ. ಸುಮ್ನೆ ಕತ್ತರಿಸಿ, ಅಲ್ಲಲ್ಲೇ ಮಲಗಿಸಿ ಹೋಗಿತ್ತು.

ಮೂರನೆಯ ವಾರ ದೇವದಾಸ ಹುಚ್ಚು ಹಿಡಿದವನ ಹಾಗೆ ತನ್ನ ಹೊಟ್ಟೆಯ ಕೂದಲು ತಾನೇ ಕಿತ್ತುಕೊಳ್ಳಲು ಶುರುಮಾಡಿದ. ವಿರಹ ಅಂದುಕೊಂಡೆವು. ಬೆಳಿಗ್ಗೆ ಅಮ್ಮ ಸೌದೆ ತರಲು ಹೋದವಳು ಅಲ್ಲಿಂದಲೇ ಕೂಗಿದಳು, "ದೇವದಾಸ ಹೆತ್ತಿದ್ದಾನೆ!" ಕಿತ್ತ ಕೂದಲಿನ ಮೆತ್ತೆಯ ಮೇಲೆ ಆರು ಮರಿ. ಹೆಬ್ಬೆರಳಿನಷ್ಟು, ಕಣ್ಣು ಮುಚ್ಚಿದ್ದವು, ಮೈಮೇಲೆ ಒಂದು ಕೂದಲಿಲ್ಲ. ಮೊಲಕ್ಕೆ ಬಸುರಿನ ಕಾಲ ಬರೀ ಒಂದು ತಿಂಗಳಂತೆ. ಸಂತೆಯವನು ಬಸುರಿಯನ್ನೇ ಮಾರಿದ್ದ. ಫೋನ್ ರಿಪೇರಿಯಾದ ಮೇಲೆ ಅಳಿಯನಿಗೆ ಹೇಳಿದರೆ, ಅವನು ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಪಾರ್ವತಿ ಅಂತ ಕರೀರಿ ಮಾವ" ಅಂದ.

ಅವತ್ತಿನಿಂದ ನನಗೆ ಪ್ರೀತಂ ಮೇಲೆ ಒಂದು ಸಿಟ್ಟು. ನಿಜ ಹೇಳಬೇಕಂದ್ರೆ ಮೊಲಕ್ಕಿಂತ ಜಾಸ್ತಿ ಸಿಟ್ಟು ಮಳೆಯ ಬಗ್ಗೆ. ಅವನು ನಮ್ಮ ಮಳೆಯಲ್ಲಿ ನೆಂದು ಹಾಡಿ ಹೋದ. ಒದ್ದೆ ಬಟ್ಟೆ ಒಲೆಯ ಮೇಲೆ ಹೊಗೆ ವಾಸನೆ ಹಿಡಿದು ಮೂರು ದಿನ ಒಣಗಿದ್ದು, ಕಾಲ್ಬೆರಳ ಸಂದಿಯ ಜಿಗಣೆ, ಐದು ದಿನ ಬಾರದ ಕರೆಂಟು, ಇದೆಲ್ಲ ನಮಗೆ ಉಳಿಯಿತು. ಈಗಲೂ ಊರಿಗೆ ಬಂದವರು "ಅಂಕಲ್, ಆ ಹಾಡಿನ ಫಾಲ್ಸ್ ಇಲ್ಲೇ ಅಲ್ವಾ?" ಅಂತ ಕೇಳ್ತಾರೆ. ಅದು ಜೋಗ. ಶಿವಮೊಗ್ಗ ಜಿಲ್ಲೆ. ಇಲ್ಲಿಂದ ಹೋಗೋದಾದ್ರೆ ಒಂದು ದಿನ ಬೇಕು, ದಯವಿಟ್ಟು ಈಗಲೇ ಹೊರಡಿ ಅಂತೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿ ಬಂದವು. ಆಮೇಲೆ ರಾತ್ರಿ ಮಳೆ ಜೋರಾದರೆ ನಮಗೆ ಯಾವ ಹಾಡೂ ನೆನಪಾಗುವುದಿಲ್ಲ. ಮನೆ ಹಿಂದಿನ ಬರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ನೆನಪಾಗುತ್ತದೆ. ಟಾರ್ಚ್ ಹಿಡಿದು ಹೋಗಿ ನೋಡಿ ಬರುತ್ತೇವೆ.

ಬಸ್ಸು 4.50ಕ್ಕೆ ಹೊರಟಿತು. ವಾದವೂ ಜೊತೆಗೇ ಹೊರಟಿತು. ಸುಂಟಿಕೊಪ್ಪದವರೆಗೆ ಹವಾಲ್ದಾರರು ಒಂದಿಂಚು ಬಿಟ್ಟುಕೊಡಲಿಲ್ಲ. ಕಂಡಕ್ಟರ್ ಟಿಕೆಟ್ ಹರಿಯುತ್ತಾ ನನ್ನ ಹತ್ತಿರ ಬಂದ. ನೂರರ ನೋಟು ತಗೊಂಡ, ಟಿಕೆಟ್ಟಿನ ಹಿಂದೆ ಬಾಕಿ ಚಿಲ್ಲರೆ ಬರೆದ, "ಅಣ್ಣ, ನೀವೇ ಹೇಳಿ, ಯಾರು?" ಅಂದ.

ಅಷ್ಟರಲ್ಲಿ ಯಾರೋ ಮುಂದಿನಿಂದ ಕೂಗಿದರು. ಅವನು ಹೋದ. ನಾನು ಉತ್ತರವನ್ನು ಬಾಯಲ್ಲೇ ಇಟ್ಟುಕೊಂಡು ಕೂತೆ. ಮಾದಾಪುರ ಬಂತು, ನನ್ನ ಸ್ಟಾಪ್. ಛತ್ರಿ, ಚೀಲ ಹಿಡಿದು ಬಾಗಿಲ ಹತ್ತಿರ ಬಂದೆ. ವಾದ ಮುಗಿದು ಮಾತು ಮೆಣಸಿನ ರೇಟಿಗೆ ಬಂದಿತ್ತು. ಆದರೂ ತಡೆಯಲಾಗಲಿಲ್ಲ.

"ಮೊಲ" ಅಂದೆ.

ಕಂಡಕ್ಟರನ ಮುಖ ಬದಲಾಯಿತು. ನನ್ನ ಚೀಲವನ್ನು ನೋಡಿದ.

"ಮೊಲ ಇತ್ತಾ ಅಣ್ಣ? ಮೊದಲೇ ಹೇಳಬಾರದಾ? ಅದಕ್ಕೆ ಲಗೇಜ್ ಹಾಕ್ಬೇಕಿತ್ತು."

ಚೀಲದಲ್ಲಿದ್ದದ್ದು ಅಮ್ಮನ ಮಾತ್ರೆ ಮತ್ತು ಅರ್ಧ ಕೆಜಿ ಖಾರ ಸೇವೆ ಅಂತ ಬಿಚ್ಚಿ ತೋರಿಸುವಷ್ಟರಲ್ಲಿ ಹಿಂದಿನ ಬಸ್ಸಿನವನು ಮತ್ತೆ ಹಾರನ್ ಹೊಡೆದ. ವಿಸಿಲ್ ಆಯಿತು, ಬಸ್ಸು ಹೋಯಿತು. ಟಿಕೆಟ್ಟಿನ ಹಿಂದೆ ಬರೆದ ಬಾಕಿ ಚಿಲ್ಲರೆ ಹಾಗೇ ಅದರ ಹಿಂದೆಯೇ ಉಳಿಯಿತು.