ಏನೂ ಬೇಡ ಅನ್ನುವ ಗಿರಾಕಿ

ಸೈಕಲ್ ಕಂಪನಿಗಳ ಕಸುಬೇ ಸೇರಿಸುವುದು. ಹಿಂದಿನ ಚಕ್ರದ ಹತ್ತು ಗೇರು ಹನ್ನೊಂದಾಗುತ್ತದೆ, ಹನ್ನೊಂದು ಹನ್ನೆರಡಾಗುತ್ತದೆ. ತಂತಿ ಎಳೆಯುವ ಬ್ರೇಕ್ ಹೋಗಿ ಆಯಿಲ್ ತುಂಬಿದ ಡಿಸ್ಕ್ ಬ್ರೇಕ್ ಬರುತ್ತದೆ. ಗೇರ್ ಬದಲಿಸಲು ಬ್ಯಾಟರಿ ಬರುತ್ತದೆ, ಆ ಬ್ಯಾಟರಿಗೊಂದು ಚಾರ್ಜರ್ ಬರುತ್ತದೆ. ಹೋದ ವರ್ಷ ಕೊಂಡವನಿಗೆ ಈ ವರ್ಷ ತನ್ನ ಸೈಕಲ್ ಹಳೇದು ಅನ್ನಿಸಿದರೆ ಸಾಕು, ವ್ಯಾಪಾರ ಕೈಹಿಡಿಯಿತು. ಇಂಥವರ ಮುಂದೆ ಒಬ್ಬ ಬಂದು ನಿಂತು, ‘ನನಗೆ ಗೇರ್ ಬೇಡ, ಬ್ರೇಕ್ ಬೇಡ, ಫ್ರೀವೀಲೂ ಬೇಡ, ಇದೇನೂ ಇಲ್ಲದ ಸೈಕಲ್ ಇದ್ದರೆ ತೋರಿಸಿ’ ಅಂದರೆ ಅವರಾದರೂ ಏನು ಮಾಡಬೇಕು, ಪಾಪ!

ಫಿಕ್ಸೆಡ್ ಗೇರ್ ಸೈಕಲ್ಲಿನ, ಅಂದರೆ ಫಿಕ್ಸಿಯ, ಸವಾರ ಕೇಳುವುದು ಇಂಥದ್ದನ್ನೇ. ಮಾಮೂಲಿ ಸೈಕಲ್ಲಿನಲ್ಲಿ ಇಳಿಜಾರು ಬಂದರೆ ಕಾಲು ನಿಲ್ಲಿಸಿ, ಫ್ರೀವೀಲಿನ ಟಿಕಟಿಕ ಸದ್ದು ಕೇಳುತ್ತಾ ಹಾಯಾಗಿ ಕೂರಬಹುದು. ಇಲ್ಲಿ ಆ ಸುಖ ಇಲ್ಲ. ಹಿಂದಿನ ಹಲ್ಲುಚಕ್ರ ಗಾಲಿಯ ನಡುವಿನ ಹಬ್ಬಿಗೆ ಬಿಗಿಯಾಗಿ ಕೂತಿರುತ್ತದೆ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಅದರ ಜೊತೆ ಕಾಲೂ ತಿರುಗಬೇಕು. ನಿಲ್ಲಿಸಬೇಕಾದರೆ ಕಾಲಿನಿಂದಲೇ ಹಿಂದಕ್ಕೆ ಒತ್ತಿ ಹಿಡಿಯಬೇಕು. ಹಾಗೆ ಒತ್ತಿದಾಗ ಹಲ್ಲುಚಕ್ರ ಬಿಚ್ಚಿಕೊಳ್ಳಬಾರದಲ್ಲ, ಅದಕ್ಕೆ ಅದರ ಮೇಲೊಂದು ಲಾಕ್‌ರಿಂಗ್. ಅದರ ತಿರುಪು ಮಾತ್ರ ಉಲ್ಟಾ.

ಇದು ಹೊಸ ಹುಚ್ಚೇನಲ್ಲ. 1903ರ ಮೊದಲ ಟೂರ್ ಡಿ ಫ್ರಾನ್ಸ್‌ನಲ್ಲಿ ಓಡಿದ್ದು ಒಂದೇ ಗೇರಿನ ಸೈಕಲ್‌ಗಳು. ಗೇರ್ ಬದಲಿಸುವ ಡಿರೇಲರ್‌ಗೆ ಆ ರೇಸಿನಲ್ಲಿ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಆಮೇಲೆ ಫಿಕ್ಸೆಡ್ ಗೇರ್ ಮುಖ್ಯವಾಗಿ ರೇಸ್ ಟ್ರ್ಯಾಕಿನೊಳಗೇ ಉಳಿಯಿತು. ಜಪಾನಿನಲ್ಲಿ 1948ರಲ್ಲಿ ಶುರುವಾದ ಕೇರಿನ್ ಎಂಬ ಟ್ರ್ಯಾಕ್ ರೇಸಿನಲ್ಲಿ ಇವತ್ತಿಗೂ ಅದೇ ಸೈಕಲ್. ಅಲ್ಲಿ ಎನ್‌ಜೆಎಸ್ ಎಂಬ ಒಪ್ಪಿಗೆಯ ಮುದ್ರೆ ಇಲ್ಲದ ಬಿಡಿಭಾಗ ಹಾಕುವ ಹಾಗಿಲ್ಲ. ಟ್ರ್ಯಾಕಿನಿಂದ ಇದನ್ನು ಬೀದಿಗೆ ತಂದು ಹೆಸರು ಮಾಡಿದವರು ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋಗಳ ಕೊರಿಯರ್ ಹುಡುಗರು. ಕೆಡುವ ಭಾಗ ಕಮ್ಮಿ, ಕದಿಯುವಂಥದ್ದೂ ಕಮ್ಮಿ. ಅವರನ್ನು ನೋಡಿ ಬೇರೆಯವರು ಹಳೇ ಫ್ರೇಮ್ ಹುಡುಕಿ, ಗೇರ್ ಕಿತ್ತುಹಾಕಿ, ತಾವೇ ಜೋಡಿಸಿಕೊಂಡರು.

ಕಂಪನಿಗಳಿಗೆ ಇದರ ವಾಸನೆ ಚೆನ್ನಾಗಿ ಹತ್ತಿದ್ದು 2000ದ ದಶಕದಲ್ಲಿ. ಬಿಯಾಂಕಿಯ ಪಿಸ್ತಾ, ಫ್ಯೂಜಿಯ ಟ್ರ್ಯಾಕ್, ಸ್ಪೆಷಲೈಜ್ಡ್‌ನ ಲ್ಯಾಂಗ್‌ಸ್ಟರ್ ಬೀದಿಯಲ್ಲಿ ಕಾಣಿಸತೊಡಗಿದವು. ಲೆಕ್ಕ ನೋಡಿದರೆ ಕಂಪನಿಗೆ ಇದು ಸುಲಭದ ಸೈಕಲ್. ಡಿರೇಲರ್ ಖರ್ಚಿಲ್ಲ, ಶಿಫ್ಟರ್ ಖರ್ಚಿಲ್ಲ. ಆದರೆ ಮುಂದಿನ ವರ್ಷ ಇದಕ್ಕೆ ಏನು ಸೇರಿಸುವುದು? ಒಂದು ಗೇರಿಗೆ ಇನ್ನೊಂದು ಸೇರಿಸಿದರೆ ಅದು ಫಿಕ್ಸಿಯೇ ಅಲ್ಲ. ಉಳಿದದ್ದು ಬಣ್ಣ. 2008ರ ಹೊತ್ತಿಗೆ ಲ್ಯಾಂಗ್‌ಸ್ಟರ್ ನ್ಯೂಯಾರ್ಕ್ ಹೆಸರಲ್ಲೊಂದು, ಲಂಡನ್ ಹೆಸರಲ್ಲೊಂದು, ಷಿಕಾಗೋ ಹೆಸರಲ್ಲೊಂದು ವೇಷ ಹಾಕಿಕೊಂಡು ಬಂತು. ಆಮೇಲೆ ಅರ್ಬನ್ ಔಟ್‌ಫಿಟ್ಟರ್ಸ್ ಎಂಬ ಬಟ್ಟೆ ಅಂಗಡಿಯವರೇ ಸೈಕಲ್ ಮಾರತೊಡಗಿದರು. ರಿಮ್ಮಿಗೊಂದು ಬಣ್ಣ, ಚೈನಿಗೊಂದು ಬಣ್ಣ ನೀವೇ ಆರಿಸಿಕೊಳ್ಳಿ ಅಂದರು. ಬಟ್ಟೆಯವರಿಗೆ ಈ ವ್ಯಾಪಾರ ಸೈಕಲ್‌ನವರಿಗಿಂತ ಬೇಗ ಅರ್ಥವಾಗಿತ್ತು ಅಂತ ನನಗನ್ನಿಸುತ್ತದೆ.

ಟ್ರೆಕ್‌ನವರು ಮಾತ್ರ ಸುಮ್ನೆ ಕೂರಲಾರದೆ ಡಿಸ್ಟ್ರಿಕ್ಟ್ ಅಂತ ಒಂದು ತಂದರು. ಒಂದೇ ಗೇರು, ಸರಿ. ಆದರೆ ಚೈನ್ ತೆಗೆದು ಬೆಲ್ಟ್ ಹಾಕಿದರು. ಬೆಲ್ಟನ್ನು ಚೈನಿನ ಹಾಗೆ ಬಿಚ್ಚಿ ಸೇರಿಸಲು ಆಗುವುದಿಲ್ಲ. ಹಾಗಾಗಿ ಅದನ್ನು ಒಳಗೆ ತೂರಿಸಲು ಫ್ರೇಮೇ ಒಂದು ಕಡೆ ಬಿಚ್ಚಿಕೊಳ್ಳುವಂತಿರಬೇಕು. ಜೊತೆಗೆ ಫ್ರೀವೀಲ್ ಬೇರೆ. ಈಜಲು ಬಂದವನ ಕೈಗೆ ದೋಣಿಯ ಹುಟ್ಟು ಕೊಟ್ಟ ಹಾಗೆ.

ಫ್ರೀವೀಲ್ ವಿಷಯದಲ್ಲಿ ಉಳಿದ ಕಂಪನಿಗಳು ಹುಡುಕಿಕೊಂಡ ಉಪಾಯ ಫ್ಲಿಪ್‌ಫ್ಲಾಪ್ ಹಬ್. ಈ ಹಬ್ಬಿನ ಒಂದು ಪಕ್ಕ ಫಿಕ್ಸೆಡ್ ಹಲ್ಲುಚಕ್ರ, ಇನ್ನೊಂದು ಪಕ್ಕ ಫ್ರೀವೀಲ್. ಗಾಲಿ ಬಿಚ್ಚಿ ತಿರುಗಿಸಿ ಹಾಕಿದರೆ ಸೈಕಲ್ಲಿನ ಜಾತಿಯೇ ಬದಲು. ಅನೇಕ ಸೈಕಲ್ಲುಗಳು ಅಂಗಡಿಯಿಂದ ಹೊರಡುವಾಗ ಫ್ರೀವೀಲ್ ಪಕ್ಕದಲ್ಲೇ ಹೊರಡುತ್ತಿದ್ದವು, ಜೊತೆಗೆ ಹಿಂದೆ ಮುಂದೆ ಎರಡೂ ಬ್ರೇಕು. ನೋಡಿದವರಿಗೆ ಫಿಕ್ಸಿ, ತುಳಿಯುವವನಿಗೆ ಮಾಮೂಲಿ ಸೈಕಲ್. ಗಾಲಿಯನ್ನು ಒಮ್ಮೆಯೂ ತಿರುಗಿಸದೆ ಫಿಕ್ಸಿ ಸವಾರರೆಂದು ಓಡಾಡಿಕೊಂಡಿದ್ದವರಿಗೇನೂ ಕಮ್ಮಿಯಿರಲಿಲ್ಲ. ಹಳೇ ಹುಲಿಗಳು ನಕ್ಕರು. ನನಗೇನೋ ಇದು ಮರ್ಯಾದಸ್ಥ ಏರ್ಪಾಡಾಗಿಯೇ ಕಾಣುತ್ತದೆ. ಧೈರ್ಯ ಬಂದ ದಿನ ತಿರುಗಿಸಿಕೋ ಅಂತ ಬಿಟ್ಟಿದ್ದಾರೆ, ಇದಕ್ಕಿಂತ ಇನ್ನೇನು ಹೇಳಿಯಾರು?

ಬ್ರೇಕಿನ ವಿಷಯದಲ್ಲಂತೂ ನಾನು ಪೂರಾ ಕಂಪನಿಯ ಕಡೆ. ಓಡುವ ಸೈಕಲ್ಲನ್ನು ತಡೆದರೆ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಟಯರಿಗೆ ಹಿಡಿತ ತಪ್ಪುತ್ತದೆ. ಕಾಲು ಎಷ್ಟೇ ಗಟ್ಟಿಯಿರಲಿ, ಅದು ತಡೆಯುವುದು ಹಿಂದಿನ ಗಾಲಿಯನ್ನು ಮಾತ್ರ. ಬ್ರಿಟನ್ನಿನ ಕಾನೂನು ಇದನ್ನು ಜಾಣತನದಿಂದ ಬಗೆಹರಿಸಿದೆ: ಫಿಕ್ಸೆಡ್ ಗಾಲಿಯೇ ಹಿಂದಿನ ಬ್ರೇಕ್ ಅಂತ ಲೆಕ್ಕ, ಮುಂದೆ ಮಾತ್ರ ನಿಜವಾದ ಬ್ರೇಕ್ ಇರಲೇಬೇಕು. ಜಪಾನಿನ ರಸ್ತೆಯಲ್ಲಿ ಎರಡೂ ಗಾಲಿಗೆ ಬೇಕು. ಬರ್ಲಿನ್ ಪೊಲೀಸರು 2009ರಲ್ಲಿ ಬ್ರೇಕಿಲ್ಲದ ಫಿಕ್ಸಿಗಳನ್ನು ಜಪ್ತಿಯೇ ಮಾಡಿದರು. ಕೋರ್ಟು ಕಚೇರಿಯ ಭಯ ಇರುವ ಕಂಪನಿ ಬ್ರೇಕ್ ಹಾಕದೆ ಕೊಡುತ್ತದೆಯೇ? ಬೇಡವಾದವನು ಮನೆಗೆ ಹೋಗಿ ಕಿತ್ತುಕೊಳ್ಳುತ್ತಿದ್ದ, ಫೋರ್ಕಿನಲ್ಲೊಂದು ತೂತು ಉಳಿಯುತ್ತಿತ್ತು.

ಕಂಪನಿ ಎಡವಿದ್ದು ಬೇರೆ ಕಡೆ. ಆಗಿನ ಕೆಲವು ಸೈಕಲ್ಲುಗಳಲ್ಲಿ ಮುಂದಿನ ಹಲ್ಲು 48, ಹಿಂದಿನದು 16. ನೋಡಲು ಎಷ್ಟು ಅಚ್ಚುಕಟ್ಟು! ಪೆಡಲ್ ಒಂದು ಸುತ್ತಿಗೆ ಗಾಲಿ ಸರಿಯಾಗಿ ಮೂರು ಸುತ್ತು. ಆದರೆ ಬೀದಿಯ ಸವಾರ ಕಾಲುಗಳನ್ನು ನೆಲಕ್ಕೆ ಸಮನಾಗಿ ಲಾಕ್ ಮಾಡಿ, ಹಿಂದಿನ ಗಾಲಿಯನ್ನು ಜಾರಿಸಿ ನಿಲ್ಲಿಸುತ್ತಾನೆ. ಯಾವಾಗಲೂ ಅದೇ ಕಾಲು ಮುಂದಿಟ್ಟು ಜಾರಿಸಿದರೆ, ಈ ಲೆಕ್ಕದಲ್ಲಿ ಟಯರಿನ ಅದೇ ಜಾಗ ಪ್ರತಿ ಸಲವೂ ರಸ್ತೆಗೆ ಉಜ್ಜುತ್ತದೆ. ಟಯರ್ ಇಡೀ ಹೊಸದು, ಒಂದು ಕಡೆ ಮಾತ್ರ ನೂಲು ಕಾಣುತ್ತಿರುತ್ತದೆ! ಮುಂದೆ 49 ಹಲ್ಲು ಹಾಕಿದ್ದರೆ ಅದೇ ಸವೆತ ಹದಿನಾರು ಕಡೆ ಹಂಚಿಹೋಗುತ್ತಿತ್ತು. ಹಿಂದೆ 17 ಹಾಕಿದ್ದರೆ ಹದಿನೇಳು ಕಡೆ. ಒಂದೇ ಒಂದು ಹಲ್ಲಿನ ಮಾತು. ಟ್ರ್ಯಾಕಿನಲ್ಲಿ ಯಾರೂ ಹೀಗೆ ಜಾರಿಸುವುದಿಲ್ಲ, ಹಾಗಾಗಿ ಅಲ್ಲಿಯ ಅಂಕಿ ನೋಡಿ ಬೀದಿಗೆ ಸೈಕಲ್ ಮಾಡಿದವರಿಗೆ ಇದು ಹೊಳೆಯಲಿಲ್ಲ. ಕೊರಿಯರ್ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದ್ದರೆ ನಿಂತ ನಿಲುವಿನಲ್ಲೇ ಹೇಳುತ್ತಿದ್ದ.

ರೇಸ್ ಅಂದ ಕೂಡಲೇ ಮಾತ್ರ ದೊಡ್ಡವರ ಕಿವಿ ನೆಟ್ಟಗಾಯಿತು. ಬ್ರೂಕ್ಲಿನ್‌ನಲ್ಲಿ 2008ರಲ್ಲಿ ರೆಡ್ ಹುಕ್ ಕ್ರಿಟ್ ಎಂಬ ರೇಸ್ ಶುರುವಾಯಿತು. ಬ್ರೇಕಿಲ್ಲದ ಟ್ರ್ಯಾಕ್ ಸೈಕಲ್ ಕಡ್ಡಾಯ, ತಿರುವುಗಳು ಧಾರಾಳ. ಅದು ಲಂಡನ್, ಮಿಲಾನ್, ಬಾರ್ಸಿಲೋನಾಗಳಿಗೂ ಹಬ್ಬಿ, 2018ರ ರೇಸಿನೊಂದಿಗೆ ಮುಗಿಯಿತು. ಸ್ಪೆಷಲೈಜ್ಡ್, ಇಟಲಿಯ ಚಿನೆಲ್ಲಿ ಕಂಪನಿಗಳ ಹೆಸರು ಹೊತ್ತ ತಂಡಗಳು ಅಲ್ಲಿ ಓಡಿದವು. ಗಡಿಯಾರದ ಜೊತೆ ಓಡುವುದು ಕಂಪನಿಗೆ ಗೊತ್ತಿರುವ ಭಾಷೆ. ಸುಮ್ನೆ ಊರು ಸುತ್ತುವವನ ಖುಷಿಯನ್ನು ಕ್ಯಾಟಲಾಗಿನ ಯಾವ ಪುಟದಲ್ಲಿ ಹಾಕುವುದು ಅಂತ ಅದಕ್ಕೆ ಕೊನೆಗೂ ತಿಳಿಯಲಿಲ್ಲ.

ಹಾಗಂತ ಸವಾರರೇನು ಕಮ್ಮಿಯೇ? ಕಂಪನಿ ಸೈಕಲ್ ಅಂದರೆ ಮೂಗು ಮುರಿಯುತ್ತಾರೆ. ಕೊಳ್ಳುವುದೂ ಅದನ್ನೇ, ಅಗ್ಗ ಅಲ್ವಾ! ಕೊಂಡ ಮೇಲೆ ಹ್ಯಾಂಡಲ್ಲಿನ ಎರಡು ತುದಿ ಗರಗಸದಿಂದ ಕತ್ತರಿಸಿ, ಸೀಟು ಬದಲಿಸಿ, ಫ್ರೇಮಿಗೆ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದು ಸ್ಟಿಕ್ಕರನ್ನು ಒಂದೊಂದಾಗಿ ಕೀಳುತ್ತಾರೆ. ಹೆಸರು ಹೊತ್ತು ತಿರುಗುವುದು ಅವರಿಗೆ ಆಗದ ಮಾತು. ಚಿನೆಲ್ಲಿಯವರು ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಶ್ ಎಂಬ ಫಿಕ್ಸಿ ಸವಾರರ ಗುಂಪಿನ ಜೊತೆ ಕೂತು ಒಂದು ಫ್ರೇಮ್ ತಂದಾಗ ಮಾತ್ರ, ಇದೇ ಜನ ಆ ಸ್ಟಿಕ್ಕರಿನ ಮೇಲೆ ಗೀರು ಬೀಳದ ಹಾಗೆ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾ ಕೂತರು.